ಎಲೆ ತರಲು ಹೋಗುತ್ತಿದ್ದ ಮಾವ

ಹೋದ ವರ್ಷ ವೈಶಾಖದ ಮಾತು. ಹಾನಗಲ್ಲಿನಲ್ಲಿ ನನ್ನ ಅಣ್ಣ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ. ನಾನು, ನನ್ನ ಗಂಡ ಗುರುರಾಜ, ಅತ್ತೆ, ಮಾವ ನಾಲ್ಕೂ ಜನ ಸವಣೂರಿನಿಂದ ಹಿಂದಿನ ದಿನವೇ ಬಂದು ಇಳಿದಿದ್ದೆವು. ತವರಿನ ಕಾರ್ಯದಲ್ಲಿ ಹೆಣ್ಣುಮಗಳ ಪಾಡು ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಕಣ್ಣು ಮಾತ್ರ ಅತ್ತೆಗೆ ಕಾಫಿ ಹೋಯಿತೇ, ಮಾವನಿಗೆ ಕೂರಲು ಕುರ್ಚಿ ಸಿಕ್ಕಿತೇ, ಯಾರಾದರೂ ಅವರನ್ನು ಮಾತಾಡಿಸಿದರೇ ಎಂದು ಸುತ್ತುತ್ತಿರುತ್ತದೆ. ಬೀಗರ ಸತ್ಕಾರದಲ್ಲಿ ಒಂದು ಲೋಪವೂ ಆಗಬಾರದು ಎಂಬುದೊಂದೇ ಆ ದಿನ ನನ್ನ ಚಿಂತೆಯಾಗಿತ್ತು.

ನಾನು ದುಂಡಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೃದಯ, ರಕ್ತನಾಳ, ಗಾಯವಾದಾಗ ರಕ್ತ ಹೆಪ್ಪುಗಟ್ಟುವ ಬಗೆ, ಎಲ್ಲವನ್ನೂ ಪ್ರತಿ ವರ್ಷ ಕೆಂಪು ನೀಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸುವವಳು. ಮಕ್ಕಳಿಗೆ ಕಲಿಸುವಾಗ ಎಷ್ಟು ಸಲೀಸು! ಆದರೆ ಅದರ ಹಿಂದಿನ ಕಾರ್ತಿಕದಲ್ಲಿ ಮಾವನಿಗೆ ಎದೆನೋವು ಬಂದು, ಹುಬ್ಬಳ್ಳಿಗೆ ಕರೆದೊಯ್ದು, ಡಾಕ್ಟರು ಪರದೆಯ ಮೇಲೆ ಅದೇ ರಕ್ತನಾಳವನ್ನು ತೋರಿಸಿದಾಗ ನಾನು ಎರಡೆರಡು ಸಲ ಕೇಳಿ ತಿಳಿದುಕೊಳ್ಳಬೇಕಾಯಿತು. ಒಂದು ನಾಳ ಪೂರ್ತಿ ಕಟ್ಟಿತ್ತು. ಅಲ್ಲಿ ಸ್ಟೆಂಟ್ ಹಾಕಿದರು. ಇನ್ನೊಂದು ಅರ್ಧ ಕಟ್ಟಿದೆ, ಅದನ್ನು ಗುಳಿಗೆಯಲ್ಲೇ ನೋಡಿಕೊಳ್ಳೋಣ ಎಂದರು.

ಮಾವ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಅರ್ಧ ಎಂದರೆ ಅರ್ಧ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಸಹ ಅವರು ಎಂದಿನಂತೆಯೇ ಪೇಪರ್ ಓದುತ್ತಿದ್ದರು, ಎಂದಿನಂತೆಯೇ ಗುರುರಾಜನ ಕೋರ್ಟಿನ ಕತೆ ಕೇಳಿ ನಗುತ್ತಿದ್ದರು. ಹೆದರಿಕೊಂಡಿದ್ದಾರೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ದೇವರ ಪೂಜೆಯನ್ನು ಮಾತ್ರ ಮಗನಿಗೆ ವಹಿಸಿದರು. “ನನಗ ಬಗ್ಗಲಿಕ್ಕೆ ಆಗೂದಿಲ್ಲ, ಇನ್ನ ಮ್ಯಾಲ ನೀನ ಮಾಡು” ಎಂದರು. ಎದೆಯ ಚಿಕಿತ್ಸೆ ಆದವರು, ಇರಲಿ ಬಿಡು ಎಂದು ಎಲ್ಲರೂ ಸುಮ್ಮನಾದೆವು.

ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಸವಣೂರಿನಲ್ಲಿ ನಡೆಯುವುದಕ್ಕೆ ಎಲೆಬಳ್ಳಿಯ ತೋಟಕ್ಕಿಂತ ಚೆಂದದ ಜಾಗ ಯಾವುದಿದೆ? ಮಾವನ ಹಳೆಯ ಸ್ನೇಹಿತ ಚನ್ನಬಸಪ್ಪನವರದು ಊರ ಹೊರಗೆ ಒಂದು ತೋಟ ಇದೆ. ಬೆಳಕು ಹರಿಯುತ್ತಲೇ ಮಾವ ಆ ಕಡೆ ಹೊರಡುತ್ತಿದ್ದರು. ಸ್ವಲ್ಪ ಹೊತ್ತು ಬಳ್ಳಿಯ ನೆರಳಲ್ಲಿ ಕೂತು, ಸ್ನೇಹಿತನ ಜೊತೆ ಹರಟಿ, ದೇವರ ತಾಂಬೂಲಕ್ಕೆಂದು ಎಳೆಯ ಎಲೆ ಕಟ್ಟಿಸಿಕೊಂಡು, ತಾವೂ ಒಂದು ಎಲೆಗೆ ಸುಣ್ಣ, ಅಡಿಕೆ, ಲವಂಗ ಹಾಕಿ ಜಗಿಯುತ್ತಾ ಮನೆಗೆ ಬರುತ್ತಿದ್ದರು. ಅವರ ತುಟಿ ಕೆಂಪಗಾಗಿರುವುದನ್ನು ನೋಡಿ ನಾನು, “ಅಪ್ಪಾ, ದೇವರಿಗಿಂತ ಮೊದಲ ನಿಮಗ ನೈವೇದ್ಯ ಆಧಂಗ ಅದ” ಎಂದು ರೇಗಿಸುತ್ತಿದ್ದೆ. ಅತ್ತೆ ಮಾವನನ್ನು ನಾನೂ ಗಂಡನ ಹಾಗೆ ಅವ್ವ, ಅಪ್ಪ ಎಂದೇ ಕರೆಯುತ್ತೇನೆ.

ಅವ್ವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿಗೆ ಜಾಗವಿಲ್ಲ. ಜಾಗ ಏನು, ಆ ಹೆಸರಿಗೂ ಜಾಗವಿಲ್ಲ. ಪೇಟೆಯಿಂದ ಖಾರ ತಂದರೆ ಮೊದಲು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ, ಒಂದು ಚೂರು ಸಂಶಯ ಬಂದರೂ ಪೊಟ್ಟಣ ಹಾಗೆಯೇ ಕೆಲಸದವಳ ಕೈಗೆ ಹೋಗುತ್ತದೆ. ನನ್ನ ಸ್ಟಾಫ್ ರೂಮಿನ ಡಬ್ಬಿಗಳಲ್ಲಿ ನಾನು ಏನೇನು ತಿಂದಿದ್ದೇನೋ ಅದು ಬೇರೆ ಮಾತು. ಆದರೆ ಸಂಜೆ ಮನೆ ಹೊಕ್ಕುವ ಮೊದಲು ನಾನೂ ಎರಡು ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅವ್ವನ ಮೂಗಿನ ಹೆದರಿಕೆ ಅಂಥದ್ದು.

ಬೇಸಿಗೆ ಶುರುವಾದ ಮೇಲೆ ಮಾವನ ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ ಕಂಡವು. ಕೇಳಿದರೆ ಬಾಗಿಲು ತಾಗಿತು ಎಂದರು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದಿದ್ದನ್ನೂ ಒಮ್ಮೆ ನೋಡಿದೆ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಬಗೆಯ ಗುಳಿಗೆ ಕೊಟ್ಟಿರುತ್ತಾರೆ, ಇಷ್ಟು ಆಗುವುದೇ ಎಂದು ನಾನೇ ನನಗೆ ಪಾಠ ಹೇಳಿಕೊಂಡು, ಮುಂದಿನ ತಿಂಗಳು ಹುಬ್ಬಳ್ಳಿಗೆ ಹೋದಾಗ ಕೇಳಿದರಾಯಿತು ಎಂದುಕೊಂಡೆ.

ಇನ್ನು ಆ ದಿನಕ್ಕೆ ಬರುತ್ತೇನೆ. ಹೋಮ, ಪೂಜೆ ಎಲ್ಲ ಸಾಂಗವಾಗಿ ಮುಗಿದು ಎಲೆ ಹಾಕಿದ್ದರು. ಹಿರಿಯ ಬೀಗರು ಎಂದು ಮಾವನನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದ್ದರು. ಬಲಕ್ಕೆ ನನ್ನ ಸೋದರಮಾವ ವೆಂಕಣ್ಣ ಮಾಮಾ. ನಮ್ಮ ಬಳಗದಲ್ಲಿ ಆಚಾರ ಎಂದರೆ ವೆಂಕಣ್ಣ ಮಾಮಾ. ಪರಸ್ಥಳಕ್ಕೆ ಹೋದರೆ ಕುಡಿಯುವ ನೀರನ್ನೂ ಮನೆಯಿಂದ ಒಯ್ಯುವ ಮನುಷ್ಯ. ನಾನು ಕೋಸಂಬರಿ ಬಡಿಸುತ್ತಾ ಬರುತ್ತಿದ್ದೆ. ಮಾವನ ಎಲೆಯ ಮೇಲೆ, ಬಿಳಿ ಅನ್ನದ ಪಕ್ಕದಲ್ಲಿ, ಕೆಂಪಗೆ ಒಂದು ಹನಿ ಬಿತ್ತು. ನಾನು ಸಾರು ಚೆಲ್ಲಿತೇನೋ ಎಂದುಕೊಂಡೆ. ಇನ್ನೂ ಸಾರು ಬಡಿಸಿಯೇ ಇರಲಿಲ್ಲ. ಮೇಲೆ ನೋಡಿದರೆ ಮಾವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅವರು ಉತ್ತರೀಯದ ತುದಿ ಒತ್ತಿ ಹಿಡಿದು ಏಳಲು ನೋಡುತ್ತಿದ್ದರು.

ಆಮೇಲೆ ಒಂದೇ ಗದ್ದಲ. ಒಬ್ಬರು ಮಲಗಿಸಿ ಎಂದರು, ಒಬ್ಬರು ತಲೆಯ ಮೇಲೆ ತಣ್ಣೀರು ಸುರಿಯಿರಿ ಎಂದರು. ಯಾರೋ ಹಿಂದಿನಿಂದ, “ಉಳ್ಳಾಗಡ್ಡಿ ಹೆಚ್ಚಿ ಮೂಸಸ್ರಿ, ಒಮ್ಮಿಗೇ ನಿಂತುಬಿಡ್ತದ” ಎಂದು ಕೂಗಿದರು. ನಮ್ಮ ಕಡೆ ಮೂಗಿನ ರಕ್ತಕ್ಕೆ ಅದೇ ಮೊದಲ ಮದ್ದು. ಆದರೆ ವಾಸ್ತುಶಾಂತಿಯ ಮನೆಯಲ್ಲಿ, ವೆಂಕಣ್ಣ ಮಾಮಾನ ಪಕ್ಕದಲ್ಲಿ ಉಳ್ಳಾಗಡ್ಡಿ! ಕೂಗಿದವರೇ ನಾಲಗೆ ಕಚ್ಚಿಕೊಂಡರು. ಬೇರೆ ಹೊತ್ತಿನಲ್ಲಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ನಾನು ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಶಾಲೆಯಲ್ಲಿ ಬಿಸಿಲಿಗೆ ಮಕ್ಕಳ ಮೂಗು ಒಡೆದಾಗ ಹೀಗೇ ಮಾಡುತ್ತೇನೆ, ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ. ಇದು ನಿಲ್ಲಲಿಲ್ಲ. ಬಿಟ್ಟರೆ ಮತ್ತೆ ಧಾರೆ. ಗಂಟಲಿಗೂ ಇಳಿಯತೊಡಗಿತು. ಮಾವನ ಮುಖ ಬಿಳಿಚಿಕೊಂಡಿತು. ಅಣ್ಣ ಕಾರು ತೆಗೆದ. ನಾನು, ಗುರುರಾಜ, ಅವ್ವ ಮೂವರೂ ಮಾವನನ್ನು ಹಿಡಿದು ಕೂತೆವು. ವೆಂಕಣ್ಣ ಮಾಮಾ ಊಟ ಬಿಟ್ಟು ಎದ್ದವರು ಕೈತೊಳೆದು, ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದರು.

ಹಾನಗಲ್ಲಿನ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು. ವಯಸ್ಸು ನನಗಿಂತ ಕಡಿಮೆಯೇ ಇರಬೇಕು. ಗಾಬರಿ ಎಂಬುದೇ ಇಲ್ಲ. ಮೂಗಿನೊಳಗೆ ಔಷಧಿ ಹಚ್ಚಿದ ಬಟ್ಟೆಯ ಪಟ್ಟಿ ತುಂಬಿದರು, ರಕ್ತದ ಒತ್ತಡ ನೋಡಿದರು, ಮುಂಗೈ ತಿರುಗಿಸಿ ನೀಲಿ ಕಲೆಗಳನ್ನು ನೋಡಿದರು. ಗುರುರಾಜ ಗುಳಿಗೆಗಳ ಪಟ್ಟಿ ಹೇಳಿದ.

“ಬಿಪಿ ಭಾಳ ಏನ್ ಏರಿಲ್ರಿ. ಬಿಸಲಿಗೆ ಮೂಗ ಒಣಗಿ ಒಡೀತತಿ, ಅದು ಖರೆ. ಆದ್ರ ಇಷ್ಟ ಹೊತ್ತು ಹಿಂಗ ಸೋರಬಾರದು. ಇಷ್ಟ ಕಲೆನೂ ಬೀಳಬಾರದು” ಎಂದು ಡಾಕ್ಟರು ಹುಬ್ಬಳ್ಳಿಯ ಹೃದಯದ ಡಾಕ್ಟರಿಗೆ ಫೋನ್ ಮಾಡಿದರು. ಬಾಗಿಲ ಬಳಿ ನಿಂತು ತುಂಬಾ ಹೊತ್ತು ಮಾತಾಡಿದರು. ಒಳಗೆ ಬಂದು ನಮ್ಮೆದುರು ಕೂತು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ.

“ನೋಡ್ರಿ, ನನಗ ಎರಡೂ ಕಡೆ ಹೆದರಿಕಿ ಐತಿ. ರಕ್ತ ನಿಲ್ಲಬೇಕಂದ್ರ ಎರಡು ಗುಳಿಗ್ಯಾಗ ಒಂದನ್ನ ಬಿಡಿಸಬೇಕು. ಆದ್ರ ಸ್ಟೆಂಟ್ ಹಾಕಿ ಇನ್ನೂ ವರ್ಷ ಆಗಿಲ್ಲ. ಈಗ ಬಿಡಿಸಿದ್ರ ಸ್ಟೆಂಟಿನ ಒಳಗ ಹೆಪ್ಪುಗಟ್ಟಬಹುದು. ಹಂಗಾದ್ರ ಕೈ ಮೀರತತಿ. ಆ ಡಾಕ್ಟರು ಮೊದಲ ಕಾರಣ ಹುಡುಕು ಅಂದ್ರು. ಇಷ್ಟ ದಿನ ಇದ ಗುಳಿಗಿ ತಗೊಂಡ್ರೂ ಆಗದ್ದು ಈಗ ಯಾಕ ಆತು? ಬ್ಯಾರೆ ಏನರ ತಗೊಳ್ಳಾಕತ್ತಾರೇನ್ರಿ? ನೋವಿನ ಗುಳಿಗಿ? ಕಷಾಯ? ನಾಟಿ ಔಷಧ? ಬಳ್ಳೊಳ್ಳಿ ಗಿಳ್ಳೊಳ್ಳಿ?”

ಬೆಳ್ಳುಳ್ಳಿ ಎಂದಿದ್ದೇ ತಡ, ನನ್ನ ಗಂಡ ಎದ್ದು ನಿಂತ. ವಕೀಲರಿಗೆ ಎದ್ದು ನಿಲ್ಲದೆ ಮಾತು ಬರುವುದಿಲ್ಲ. “ಏನ್ ಮಾತಾಡ್ತೀರಿ ಡಾಕ್ಟರ್! ನಾವು ವೈಷ್ಣವರು. ನಮ್ಮ ಮನ್ಯಾಗ ಅದರ ಹೆಸರೂ ತಗೊಳ್ಳೂದಿಲ್ಲ. ನಮ್ಮ ಅಪ್ಪ ಹುಟ್ಟಿದಾಗಿಂದ ಅದನ್ನ ಬಾಯಾಗ ಹಾಕಿದವರಲ್ಲ” ಎಂದ. ಬಾಗಿಲಲ್ಲಿ ನಿಂತಿದ್ದ ವೆಂಕಣ್ಣ ಮಾಮಾ ಹೌದೌದು ಎಂದು ತಲೆದೂಗಿದರು. “ಅವರ ಮನಿತನ ಗೊತ್ತದ ನಮಗ. ಗೊತ್ತಿದ್ದಕ್ಕನ ಹೆಣ್ಣು ಕೊಟ್ಟೇವಿ” ಎಂದೂ ಸೇರಿಸಿದರು.

ನಾನು ಮಾವನ ಕಡೆ ನೋಡಿದೆ. ಮೂಗಿಗೆ ಪಟ್ಟಿ ತುಂಬಿದ್ದರಿಂದ ಬಾಯಿಂದ ಉಸಿರಾಡುತ್ತಿದ್ದರು. ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ತಗ್ಗಿಸಲು ಹೇಳಿದ್ದು ಡಾಕ್ಟರೇ, ಆದರೂ ಮಗನ ಮಾತಿಗೆ ಹೌದು ಎಂದು ಒಮ್ಮೆಯೂ ಅವರು ಕತ್ತೆತ್ತಲಿಲ್ಲ. ಪಟ್ಟಿಯ ಅಂಚಿನಲ್ಲಿ ಮತ್ತೆ ಕೆಂಪು ಜಿನುಗುತ್ತಿತ್ತು.

ಡಾಕ್ಟರು ನಿಟ್ಟುಸಿರು ಬಿಟ್ಟು, “ಆತು ಬಿಡ್ರಿ. ಹಂಗಾರ ಒಂದ ಗುಳಿಗಿ ನಿಲ್ಲಸೋದ ಗತಿ. ಹುಬ್ಬಳ್ಳಿಗೆ ಕರಕೊಂಡ ಹೋಗಾಕ ಆಂಬುಲೆನ್ಸ್ ಹೇಳ್ತೇನಿ” ಎಂದು ಎದ್ದರು.

“ಕೂಡ್ರಿ ಡಾಕ್ಟರ, ಸ್ವಲ್ಪ ಕೂಡ್ರಿ.”

ಮಾತಾಡಿದ್ದು ಅವ್ವ. ಅಲ್ಲಿಯವರೆಗೆ ಅವರು ಗೋಡೆಯ ಪಕ್ಕ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಒಂದು ಮಾತೂ ಆಡಿರಲಿಲ್ಲ. ಈಗ ನಾಲ್ಕು ಹೆಜ್ಜೆ ಮುಂದೆ ಬಂದು ಡಾಕ್ಟರ ಮೇಜಿನ ಎದುರು ನಿಂತರು. ವೆಂಕಣ್ಣ ಮಾಮಾ ನಿಂತಿದ್ದರು, ನನ್ನ ಅಣ್ಣ ನಿಂತಿದ್ದ. ಬೀಗರೆದುರು ಹೆಚ್ಚು ಮಾತನ್ನೇ ಆಡದ ಹೆಂಗಸು, ಸ್ಪಷ್ಟವಾಗಿ ಹೇಳಿದರು: “ಇವರು ಬಳ್ಳೊಳ್ಳಿ ತಿಂತಾರ. ದಿನಾ ತಿಂತಾರ. ಹಸೀದು.”

ಎದ್ದು ನಿಂತಿದ್ದ ಗುರುರಾಜ ಮತ್ತೆ ಕುರ್ಚಿಯಲ್ಲಿ ಕೂತ.

ಮಾವ ನಿಧಾನವಾಗಿ ತಲೆ ಎತ್ತಿದರು. ಅವರ ಮುಖದಲ್ಲಿ ನಾಚಿಕೆ ಇರಬೇಕಿತ್ತು. ನನಗೆ ಕಂಡಿದ್ದು ಬರೀ ಆಶ್ಚರ್ಯ. ಕಟ್ಟಿದ ಮೂಗಿನ ಧ್ವನಿಯಲ್ಲಿ, “ನಿನಗ ಗೊತ್ತಿತ್ತ?” ಎಂದರು.

“ಪೂಜಾ ಬಿಟ್ಟಾಗ ಸಂಶೆ ಬಂದಿತ್ತು” ಎಂದರು ಅವ್ವ. “ಮೈಯಾಗ ಜ್ವರ ಇದ್ದಾಗೂ ನೀವು ಪೂಜಾ ಬಿಟ್ಟವರಲ್ಲ. ಬಗ್ಗಲಿಕ್ಕೆ ಆಗೂದಿಲ್ಲ ಅಂದ್ರಿ, ಆದರ ತೋಟದಾಗ ನೆಲದ ಮ್ಯಾಲ ಕೂಡ್ಲಿಕ್ಕೆ ಆಗ್ತಿತ್ತು. ಉಳದ ದಿನ ಎಲಿ, ಲವಂಗ ಜಗದು ಬರ್ತೀರಿ, ತಿಳೀತಿರಲಿಲ್ಲ. ಏಕಾದಶಿ ದಿನ ಎಲಿ ಹಾಕ್ಕೊಳ್ಳೂದಿಲ್ಲಲ್ಲ ನೀವು. ಹಿಂದಿನ ದಿನದ ವಾಸನಿ ಬಾಯಾಗ ಉಳದಿರ್ತದ. ಅವತ್ತ ಖಾತ್ರಿ ಆತು.”

ಏಕಾದಶಿಗೆ ನಮ್ಮಲ್ಲಿ ತಾಂಬೂಲವಿಲ್ಲ. ಮಾವ ಎಲ್ಲ ಲೆಕ್ಕ ಹಾಕಿದ್ದರು, ಇದೊಂದನ್ನು ಹಾಕಿರಲಿಲ್ಲ.

ಆಮೇಲೆ ಮಾವ ತಾವೇ ಒಂದೊಂದೇ ಮಾತು ಬಿಡಿಸಿ ಹೇಳಿದರು. ಹಿರೇಕೆರೂರಿನ ತಮ್ಮ ಸಂಬಂಧಿಕರೊಬ್ಬರು ಬೆಳ್ಳುಳ್ಳಿ ತಿಂದು ಹೃದಯದ ರೋಗ ವಾಸಿ ಮಾಡಿಕೊಂಡರೆಂದು ಚನ್ನಬಸಪ್ಪನವರು ಹೇಳಿದ್ದರಂತೆ. ತೋಟದ ಗುಡಿಸಲಿನಲ್ಲಿ ಒಂದು ಭರಣಿ ಇತ್ತಂತೆ. ಹಸಿ ಬೆಳ್ಳುಳ್ಳಿ ಜಜ್ಜಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಜೇನಿನಲ್ಲಿ ಕಲಸಿ ತಿನ್ನುವುದು. ಮೊದಲು ಒಂದೆರಡು ಎಸಳು. ಅರ್ಧ ಕಟ್ಟಿದ ಆ ನಾಳದ ಯೋಚನೆ ಹತ್ತಿದ ದಿನವೆಲ್ಲ ಇನ್ನಷ್ಟು. ಬೇಸಿಗೆಯ ಹೊತ್ತಿಗೆ ಅದು ಮುಷ್ಟಿಯ ಮಟ್ಟಕ್ಕೆ ಬಂದಿತ್ತು. “ಉಳಿಬೇಕು ಅನಸ್ತು” ಎಂದರು ಮಾವ, ಅಷ್ಟೇ. ನಾನು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದೆ, ಕಣ್ಣು ತುಂಬಿಬಿಟ್ಟಿದ್ದವು.

ಡಾಕ್ಟರ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. “ಅಜ್ಜಾರ, ಇದನ್ನ ಮೊದಲ ಹೇಳಬಾರದೇನ್ರಿ! ಬಳ್ಳೊಳ್ಳಿ ಕೆಟ್ಟದ್ದಲ್ಲ. ಅಡಿಗ್ಯಾಗ ಹಾಕ್ಕೊಂಡ ಉಣ್ಣೋರು ಉಣ್ಣಲಿ. ಆದ್ರ ಹಸೀದನ್ನ ಜಜ್ಜಿದಾಗ ಅದರಾಗ ಹುಟ್ಟೂ ಸತ್ವ ಐತಲ್ಲ, ಅದೂ ರಕ್ತ ಹೆಪ್ಪುಗಟ್ಟೂದನ್ನ ತಡೀತತಿ. ನಿಮ್ಮ ಗುಳಿಗಿ ಮಾಡೋದೂ ಅದ ಕೆಲಸ. ಎರಡೂ ಕೂಡಿ ಒಂದ ಕಡೆ ಹಗ್ಗ ಜಗ್ಗಾಕತ್ತಾವ. ಬರೇ ಇದರಿಂದ ಆತು ಅಂತ ನಾ ಆಣಿ ಮಾಡೂದಿಲ್ಲ, ಬಿಸಲೂ ಕೂಡೈತಿ. ಆದ್ರ ಬಿಡಿಸಬೇಕಾಗಿದ್ದು ಗುಳಿಗಿ ಅಲ್ಲ, ಇದು” ಎಂದು ಮತ್ತೆ ಹುಬ್ಬಳ್ಳಿಗೆ ಫೋನ್ ಮಾಡಿದರು. ಆ ಕಡೆಯ ಡಾಕ್ಟರೂ ಅದನ್ನೇ ಹೇಳಿದರು. ಬೆಳ್ಳುಳ್ಳಿ ಪೂರ್ತಿ ಬಂದ್, ಗುಳಿಗೆ ಎರಡೂ ಹಾಗೆಯೇ ಮುಂದುವರಿಯಲಿ, ಇಲ್ಲಿಯೇ ಇಟ್ಟುಕೊಂಡು ನೋಡಿ, ನಿಲ್ಲದಿದ್ದರೆ ಕಳಿಸಿ ಎಂದು.

ಬೆಳ್ಳುಳ್ಳಿಯ ಎಸಳು ಇಡಿಯಾಗಿದ್ದಾಗ ಅಷ್ಟು ವಾಸನೆ ಇರುವುದಿಲ್ಲ, ಜಜ್ಜಿದಾಗಲೇ ಎರಡು ವಸ್ತು ಕೂಡಿ ಆ ಘಾಟು, ಆ ಗುಣ ಎರಡೂ ಹುಟ್ಟುತ್ತವೆ ಎಂದು ನಾನು ಒಂಬತ್ತನೇ ಕ್ಲಾಸಿಗೆ ಹೇಳಿದ್ದೇನೆ. ಗಿಡದ ಒಂದು ಗುಣ ಔಷಧವಾದರೆ ಔಷಧದ ಹಾಗೆಯೇ ಅಳತೆ ಬೇಕು ಎಂಬುದೂ ನನಗೆ ಗೊತ್ತು. ಪರೀಕ್ಷೆಯಲ್ಲಿ ಯಾರಾದರೂ ಕೇಳಿದ್ದರೆ ಪೂರ್ತಿ ಅಂಕ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಪ್ರಶ್ನೆ ಯಾರಿಗೂ ಹುಟ್ಟಲೇ ಇಲ್ಲ, ಏಕೆಂದರೆ ಆ ಪದಾರ್ಥ ನಮ್ಮ ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಇನ್ನು ವೆಂಕಣ್ಣ ಮಾಮಾ. ನಾನು ಅವರ ಮುಖ ನೋಡಲು ಹೆದರುತ್ತಿದ್ದೆ. ಅವರು ತಿರುಗಿ ಹೊರಗೆ ಹೋದರು. ಆಯಿತು, ಈಗ ಊರಿಗೆಲ್ಲ ಸುದ್ದಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎಳನೀರು ಹಿಡಿದುಕೊಂಡು ಬಂದರು. ಮಾವನ ಕೈಗೆ ಕೊಟ್ಟು, “ಕುಡೀರಿ ರಾಯರ. ಔಷಧಕ್ಕಂತ ತಗೊಂಡದ್ದಕ್ಕ ದೋಷ ಇಲ್ಲ ಬಿಡ್ರಿ” ಎಂದರು. ಆಮೇಲೆ, “ಮತ್ತ ನಮ್ಮ ಬಳಗದಾಗ ಇದನ್ನ ಯಾರೂ ತೆಗೀಬ್ಯಾಡ್ರಿ” ಎಂದು ನನ್ನ ಅಣ್ಣನ ಕಡೆ ಕಣ್ಣು ಬಿಟ್ಟರು. ಮಾಮಾ ಇಂಥವರು ಎಂದು ನನಗೇ ತಿಳಿದಿರಲಿಲ್ಲ.

ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಮರುದಿನ ಪಟ್ಟಿ ತೆಗೆದ ಮೇಲೆಯೂ ಮತ್ತೆ ಬರಲಿಲ್ಲ. ಅಣ್ಣನ ಹೊಸ ಮನೆಯ ಪಡಸಾಲೆಯಲ್ಲಿ ಮಾವನನ್ನು ಮಲಗಿಸಿ, ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವರಿಬ್ಬರ ಮಾತು ಕಿವಿಗೆ ಬಿತ್ತು. ಕದ್ದು ಕೇಳಿದೆ ಎಂದರೂ ಸರಿಯೇ.

“ಗೊತ್ತಿದ್ರೂ ಯಾಕ ಸುಮ್ಮನಿದ್ದಿ? ಒಂದ ಮಾತ ಬೈಬಾರದಿತ್ತ?” ಎಂದರು ಮಾವ.

“ಬೈದಿದ್ರ ಬಿಟ್ಟಬಿಡ್ತಿದ್ರಿ. ನನಗ ಗೊತ್ತದ ನಿಮ್ಮ ಸ್ವಭಾವ. ಬಿಟ್ಟಮ್ಯಾಲ ಏನರೆ ಆಗಿದ್ರ?” ಎಂದರು ಅವ್ವ. “ಅದರಿಂದನ ನೀವು ಚೊಲೊ ಇದ್ದೀರಿ ಅಂತ ತಿಳಕೊಂಡಿದ್ದೆ. ಮುಂಜಾನೆ ನೀವು ಕದಾ ತಗದು ಹೊರಗ ಹೊಂಟ್ರ ನನಗ ಎಚ್ಚರಾಗ್ತಿತ್ತು. ಮಲಗಿದಂಗ ಮಾಡ್ತಿದ್ದೆ.”

“ನಿನಗ ತಿಳದ್ರ ಮನಸಿಗೆ ಹಚ್ಚಿಕೊಳ್ತೀ ಅಂತ ನಾ ಹೇಳ್ಲಿಲ್ಲ.”

“ಹಚ್ಚಿಕೊಂಡೇನಲ್ಲ. ಅದಕ್ಕ ಏನೀಗ?”

ಇಬ್ಬರೂ ಮೆಲ್ಲಗೆ ನಕ್ಕರು. ನಾನು ಮಡಿಸಿದ ಧೋತರವನ್ನೇ ಮತ್ತೆ ಬಿಚ್ಚಿ ಮಡಿಸುತ್ತಾ ಕೂತಿದ್ದೆ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಆ ಮೌನ ಆ ದಿನ ಪ್ರಾಣಕ್ಕೇ ಬರುತ್ತಿತ್ತು. ಅವ್ವನ ಮೇಲೆ ನನಗೆ ಸಿಟ್ಟೂ ಬಂತು, ಅವರ ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ.

ಸವಣೂರಿಗೆ ಮರಳಿದ ದಿನವೇ ಚನ್ನಬಸಪ್ಪನವರು ಓಡಿ ಬಂದರು. ಪಾಪ, ಆಳೆತ್ತರದ ಮನುಷ್ಯ, ಬಾಗಿಲಲ್ಲೇ ಕುಗ್ಗಿ ನಿಂತಿದ್ದರು. “ವೈನ್ಯಾರ, ನಾ ಒಳ್ಳೇದಾಗ್ಲಿ ಅಂತ ಕೊಟ್ಟೆರಿ. ನಾನೂ ದಿನಾ ತಿಂತೇನಿ, ನನಗೇನೂ ಆಗಿಲ್ರಿ. ಗುಳಿಗಿ ಕೂಡ ತಿನ್ನಬಾರದು ಅಂತ ನನಗ ಯಾರ್ ಹೇಳಿದ್ರಿ?” ಎಂದು ಅವ್ವನಿಗೆ ಕೈಮುಗಿದರು.

ಅವ್ವ ಅವರನ್ನು ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, “ನಿಮ್ಮದೇನು ತಪ್ಪಿಲ್ರಿ. ದಿನಾ ನಡೀಲಿಕ್ಕೆ ಬರ್ತಾರ, ಬರ್ಲಿ. ಎಲಿ ಕೊಡ್ರಿ. ಆ ಭರಣಿ ಮಾತ್ರ ಅವರ ಕಣ್ಣಿಗೆ ಬೀಳಧಂಗ ಇಡ್ರಿ” ಎಂದರು. ಚನ್ನಬಸಪ್ಪನವರು ಕಾಫಿ ಕುಡಿಯುತ್ತಾ ಕಣ್ಣೊರೆಸಿಕೊಂಡರು. ಮಾವ, “ಏ ಚನ್ನಬಸ್ಯಾ, ಸತ್ತಿಲ್ಲೋ ನಾ” ಎಂದು ನಕ್ಕರು.

ಕತೆ ಇಲ್ಲಿಗೆ ಮುಗಿಯಿತು ಎಂದೇ ನಾನೂ ಅಂದುಕೊಂಡಿದ್ದೆ. ಆದರೆ ನಾನು ಇದನ್ನು ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ.

ಮುಂದಿನ ತಿಂಗಳು ಹುಬ್ಬಳ್ಳಿಗೆ ತೋರಿಸಲು ಹೋದೆವು. ಡಾಕ್ಟರು ಎಲ್ಲ ನೋಡಿ ಚೆನ್ನಾಗಿದೆ ಎಂದರು. ಮುಂಗೈಯ ಕಲೆಗಳು ಮಾಯವಾಗಿದ್ದವು. ಮಾವನನ್ನು ಇಸಿಜಿ ಮಾಡಿಸಲು ಗುರುರಾಜ ಪಕ್ಕದ ಕೋಣೆಗೆ ಕರೆದೊಯ್ದ. ಒಳಗೆ ಡಾಕ್ಟರು, ಅವ್ವ, ನಾನು ಮೂವರೇ ಉಳಿದೆವು. ಅವ್ವ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿದರು. ಆಮೇಲೆ ಕುರ್ಚಿಯ ಅಂಚಿಗೆ ಬಂದು, ದನಿ ತಗ್ಗಿಸಿ ಕೇಳಿದರು:

“ಡಾಕ್ಟರ, ಒಂದ ಮಾತು ಖರೆ ಹೇಳ್ರಿ. ಆ ಬಳ್ಳೊಳ್ಳಿ ಬಿಟ್ಟಮ್ಯಾಲ ಇವರ ಇನ್ನೊಂದ ನಾಳಕ್ಕ ಏನರೆ ಕಮ್ಮಿ ಬಿದ್ದೀತೇನ್ರಿ? ಅದು ಬೇಕಂದ್ರ ಮುಚ್ಚಿಡಬ್ಯಾಡ್ರಿ. ಎಷ್ಟ ಕೊಡಬೇಕು ಹೇಳ್ರಿ. ನಾನ ನನ್ನ ಅಡಿಗಿಮನ್ಯಾಗ ಕುಟ್ಟಿ ಕೊಡ್ತೇನಿ.”

ನನ್ನ ಕಿವಿಯನ್ನೇ ನನಗೆ ನಂಬಲಾಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ನಾನು ಆ ಅಡಿಗೆಮನೆಯನ್ನು ನೋಡಿದ್ದೇನೆ. ಅಲ್ಲಿ ಮಡಿಯುಟ್ಟು, ದೇವರ ಹೆಸರು ಹೇಳುತ್ತಾ ಒಲೆ ಹೊತ್ತಿಸುವ ಅವ್ವನನ್ನು ನೋಡಿದ್ದೇನೆ. ಆ ಮಾತು ಅವರ ಬಾಯಿಂದ ಸುಲಭವಾಗಿ ಬಂದಿರಲಿಲ್ಲ. ಎಷ್ಟು ದಿನದಿಂದ ಅದನ್ನು ಮನಸ್ಸಿನಲ್ಲೇ ಹೊರಳಿಸುತ್ತಿದ್ದರೋ, ಯಾವ ದೇವರ ಎದುರು ನಿಂತು ಏನೆಂದು ಕೇಳಿಕೊಂಡಿದ್ದರೋ.

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರಿಗೂ ಏನೋ ಅರ್ಥವಾಗಿರಬೇಕು. “ಬೇಕಿಲ್ಲ ತಾಯಿ. ಅದು ಮಾಡೋ ಕೆಲಸಾನ ಈ ಗುಳಿಗಿ ಇನ್ನೂ ಸರಿಯಾಗಿ ಮಾಡ್ತಾವ. ನೀವು ಇಷ್ಟ ದಿನ ಹೆಂಗ ಅಡಿಗಿ ಮಾಡ್ತಿದ್ರಿ, ಹಂಗ ಮಾಡ್ರಿ. ಉಪ್ಪು, ಎಣ್ಣಿ ಸ್ವಲ್ಪ ಕಮ್ಮಿ, ಅಷ್ಟ” ಎಂದರು.

ಅವ್ವ ಕಣ್ಣು ಮುಚ್ಚಿ ಕೈ ಮುಗಿದರು. ಆ ಹೊತ್ತಿಗೆ ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಒಳಗೆ ಬಂದು, “ಏನಂದ್ರು ಡಾಕ್ಟರು?” ಎಂದು ಕೇಳಿದರು. “ಉಪ್ಪು ಕಮ್ಮಿ ತಿನ್ಬೇಕಂತ” ಎಂದರು ಅವ್ವ, ಸೆರಗು ಸರಿಮಾಡಿಕೊಳ್ಳುತ್ತಾ. ಮಾವ, ಇನ್ನು ಊಟದ ರುಚಿಯೇ ಹೋಯಿತು ಎಂದು ಗೊಣಗಿದರು.

ಇದನ್ನು ಬರೆಯಲೇ ಎಂದು ಮೊನ್ನೆ ಅವ್ವನನ್ನು ಕೇಳಿದೆ. “ಬರಿ. ಮನ್ಯಾಗಿನ ಮಂದಿ ಏನ ತಿಂತಾರ, ಏನ ಕುಡೀತಾರ, ಎಲ್ಲಾ ಡಾಕ್ಟರಿಗೆ ಬಾಯಿಬಿಟ್ಟ ಹೇಳ್ಬೇಕು ಅಂತ ಬರಿ” ಎಂದರು. ಬರೆದಿದ್ದೇನೆ. ಡಾಕ್ಟರ ಕೋಣೆಯಲ್ಲಿ ಅವರು ಕೇಳಿದ ಪ್ರಶ್ನೆಯನ್ನೂ ಬರೆದಿದ್ದೇನೆ ಎಂದು ಮಾತ್ರ ಅವರಿಗೆ ಹೇಳಿಲ್ಲ, ಮಾವನಿಗೂ ಹೇಳಿಲ್ಲ. ಮಾವ ಇದನ್ನು ಓದಲಿ, ಓದಿ ತಿಳಿಯಲಿ ಎಂಬುದು ನನ್ನ ಆಸೆ.